ಹನ್ನೊಂದು ತಿಂಗಳ ಸೊನ್ನೆ

ಇಲ್ಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬಸ್ ಡಿಪೋದ ಬಿಡಿಭಾಗಗಳ ಸ್ಟೋರಿನಲ್ಲಿ, ತಂತಿ ಜಾಲರಿಯ ಕಿಂಡಿಯ ಹಿಂದೆ ಮೂವತ್ತೊಂದು ವರ್ಷ ಕೂತು, ಬೋಲ್ಟು ಕೇಳಿದವನಿಗೂ ಬ್ರೇಕ್ ಲೈನರ್ ಕೇಳಿದವನಿಗೂ ಮೊದಲು "ಇಲ್ಲಪ್ಪ" ಎಂದು, ಆಮೇಲೆ ಚೀಟಿ ನೋಡಿ, ಸಹಿ ನೋಡಿ, ಮುಖ ನೋಡಿ, ತನ್ನ ಹಲ್ಲನ್ನೇ ಕಿತ್ತು ಕೊಡುವವನ ಹಾಗೆ ಸಾಮಾನು ಹೊರಗೆ ತಳ್ಳುತ್ತಿದ್ದ ಮನುಷ್ಯನಿಗೆ ಮೆಕ್ಯಾನಿಕ್‌ಗಳು ಕಟ್ಟಿದ ಹೆಸರು. ನಿವೃತ್ತಿಯ ದಿನ ಡಿಪೋದವರು ಕೈ ಕುಲುಕಿ ಕಳಿಸಿದರು. ಹೆಸರನ್ನು ಮಾತ್ರ ವಾಪಸು ಇಸಿದುಕೊಳ್ಳಲಿಲ್ಲ. ಅದು ಅವನ ಹಿಂದೆಯೇ ಬೀದಿಗೆ ಬಂತು, ಬೀದಿಯಿಂದ ಮನೆಯೊಳಗೂ ಬಂತು. ಅವನಿಗೇನೂ ಅದರಿಂದ ನಾಚಿಕೆಯಿಲ್ಲ. ಹೌದು ಅನ್ನುವುದು ಯಾರಿಗಾದರೂ ಬರುತ್ತದೆ, ಇಲ್ಲ ಅನ್ನುವುದಕ್ಕೆ ಗುಂಡಿಗೆ ಬೇಕು ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಓದಿದ್ದು ಏಳನೇ ತರಗತಿ. ಡಿಪೋಗೆ ಕಂಪ್ಯೂಟರ್ ಬಂದಾಗ ಪದವಿ ಪಡೆದ ಗುಮಾಸ್ತರು ಅದರ ಮೇಲೆ ಬಟ್ಟೆ ಹೊದಿಸಿ ದೂರ ಕೂತರೆ, ಇವನು ಅದರ ಜೊತೆಗೆ ಬಂದಿದ್ದ ದಪ್ಪ ಪುಸ್ತಕವನ್ನು ನಿಘಂಟು ಇಟ್ಟುಕೊಂಡು ಮೂರು ತಿಂಗಳು ಅಗಿದು ಅಗಿದು ನುಂಗಿದ್ದ. ಕಲಿಸಿದವರು ಯಾರೂ ಇಲ್ಲವಾದ್ದರಿಂದ ತಪ್ಪು ಎಂದು ಹೇಳುವವರೂ ಇರಲಿಲ್ಲ. ಅವನ ಬಲವೂ ಅದೇ, ಕೇಡೂ ಅದೇ.

ನಿವೃತ್ತಿಯಾದ ಮೇಲೆ ಒಂದು ದಿನ ಪತ್ರಿಕೆಯಲ್ಲಿ ಅವನು ಒಂದು ಸಂಗತಿ ಓದಿದ. ದೂರದ ಯಾವುದೋ ವಿಶ್ವವಿದ್ಯಾಲಯದವರು ಕ್ಷಯದ ಕ್ರಿಮಿಗೆ ಮದ್ದು ಹುಡುಕುತ್ತಿದ್ದರು. ಅದರ ಲೆಕ್ಕ ಎಷ್ಟು ದೊಡ್ಡದೆಂದರೆ ಅವರ ಯಂತ್ರಗಳಿಗೆ ನೂರು ವರ್ಷವೂ ಸಾಲದು. ಹಾಗಾಗಿ ಲೆಕ್ಕವನ್ನು ಲಕ್ಷಾಂತರ ತುಂಡು ಮಾಡಿ, ಒಪ್ಪಿದವರ ಮನೆಯ ಕಂಪ್ಯೂಟರುಗಳಿಗೆ ಹಂಚುತ್ತಿದ್ದರು. ಒಂದು ಪ್ರೋಗ್ರಾಮ್ ಹಾಕಿಕೊಂಡರೆ ಸಾಕು, ಯಂತ್ರ ಬಿಡುವಾಗಿದ್ದಾಗ ತುಂಡು ತುಂಡಾಗಿ ಲೆಕ್ಕ ಮಾಡಿ ಉತ್ತರವನ್ನು ವಾಪಸು ಕಳಿಸುತ್ತದೆ. ಮಾಡಿದಷ್ಟಕ್ಕೆ ಅಂಕ ಕೊಡುತ್ತಾರೆ. ಸಾಕಷ್ಟು ಅಂಕವಾದರೆ ಹೆಸರು ಬರೆದ ಪ್ರಮಾಣಪತ್ರವನ್ನೂ ಅಚ್ಚು ಹಾಕಿಕೊಳ್ಳಬಹುದು.

ಏಳನೇ ತರಗತಿಯವನಿಗೆ ವಿಜ್ಞಾನದ ಪ್ರಮಾಣಪತ್ರ! ಇಲ್ಲಪ್ಪ ಅಂದೇ ಪ್ರೋಗ್ರಾಮ್ ಇಳಿಸಿಕೊಂಡ. ಗುಜರಿಯ ಸಾಮಾನಿನಿಂದ ತಾನೇ ಜೋಡಿಸಿದ್ದ ತನ್ನ ಯಂತ್ರಕ್ಕೆ ಮೊದಲು ಹಾಕಿದ. ನಡುಮನೆಯಲ್ಲಿದ್ದ ಮಗನ ಹಳೆಯ ಯಂತ್ರಕ್ಕೆ ಆಮೇಲೆ. ಮೂರನೆಯದು ಸೊಸೆಯದು. ಆಕೆ ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆಯುವವಳು, ಯಂತ್ರವೂ ಭಾರಿಯದು. ಔಷಧದ ಕಂಪನಿಯ ಕೆಲಸಕ್ಕೆ ವಾರದಲ್ಲಿ ಐದು ದಿನ ಊರೂರು ಸುತ್ತುವ ಮಗನನ್ನು ಫೋನಿನಲ್ಲಿ ಕೇಳಿದ, ಮಗ "ಹೂಂ ಹಾಕ್ಕೊಳಪ್ಪ" ಅಂದ. ಸೊಸೆಯನ್ನೂ ಕೇಳಬೇಕು ಎಂದು ಅವನಿಗೆ ಹೊಳೆಯಲಿಲ್ಲ.

ಮರುದಿನವೇ ಆಕೆ ಮೆಟ್ಟಿಲು ಧಡಧಡ ಇಳಿದು ಬಂದಳು.

"ಮಾವ, ನನ್ನ ಕಂಪ್ಯೂಟರ್ ಒಳಗೆ ಏನ್ ಸಾಕ್ಕೊಂಡಿದೀರಿ?"

"ಕ್ಷಯದ ಲೆಕ್ಕ."

"ನಿಮ್ಮ ಕ್ಷಯ ನನ್ನ ಮೀಟಿಂಗಿಗೇ ಹತ್ಕೊಂಡಿದೆ. ಇಂಜಿನಿಯರ್ ಬಾಯಿ ತೆಗೀತಾರೆ, ಮುಚ್ತಾರೆ, ಮೀನಿನ ಥರ. ಒಂದು ಮಾತು ಕೇಳ್ಸಲ್ಲ. ಇಂಟರ್‌ನೆಟ್ಟೆಲ್ಲ ನಿಮ್ಮ ತುಂಡುಗಳೇ ತಿಂತಾ ಇದಾವೆ."

"ಇಂಜಿನಿಯರ್ ಮಾತಿಂದ ನಿಂತಿರೋ ಕಟ್ಟಡ ಯಾವ್ದಮ್ಮ? ಗಾರೆಯವನಿಂದ ನಿಂತಿರೋದು."

"ಅತ್ತೆ, ಇವರಿಗೆ ಹೇಳಿ. ಇಲ್ಲಾಂದ್ರೆ ನಾನು ಯಂತ್ರನ ಎತ್ಕೊಂಡು ನಮ್ಮಮ್ಮನ ಮನೇಲಿ ಇಡ್ತೀನಿ."

ಅಡುಗೆಮನೆಯಿಂದ ಹೆಂಡತಿ ತಲೆ ಹೊರಹಾಕಿದಳು. "ಮೂವತ್ತೊಂದು ವರ್ಷ ಸಂಬಳ ತಗೊಂಡು ಯಾರಿಗೂ ಒಂದು ನಟ್ಟು ಕೊಡಲಿಲ್ಲ. ಈಗ ಕಂಡರಿಯದವರಿಗೆ ಬಿಟ್ಟಿ ಚಾಕರಿ! ಅವಳ ಯಂತ್ರದಲ್ಲಿ ಅದಕ್ಕೆ ನೆಟ್ ಕೊಡಬೇಡಿ, ಅಷ್ಟೇ."

ಇಲ್ಲಪ್ಪ ಕುದಿದ. ಆದರೂ ಪ್ರೋಗ್ರಾಮಿನ ಆಯ್ಕೆಗಳನ್ನು ತೆರೆದು ಕೂತಾಗ ಅವನಿಗೆ ದಾರಿ ಸಿಕ್ಕಿತು. ದಾರಿಯೇನು, ಅವನ ಕಾಲಿಗೆ ಮೂವತ್ತೊಂದು ವರ್ಷದಿಂದ ಪರಿಚಯವಿದ್ದ ದಾರಿ. ಡಿಪೋದಲ್ಲಿ ಮಾಲು ತರಿಸುವುದು, ಕಳಿಸುವುದು ಎರಡೂ ತಿಂಗಳಿಗೊಮ್ಮೆ, ಒಂದನೇ ತಾರೀಖು. ಇಲ್ಲೂ ಹಾಗೇ ಮಾಡಿದ. ಮೂರು ಯಂತ್ರಗಳಲ್ಲೂ ಪ್ರೋಗ್ರಾಮಿಗೆ ನೆಟ್‌ವರ್ಕ್ ಬಂದ್. ಮುಂಗಡವಾಗಿ ಎಷ್ಟು ದಿನದ ಕೆಲಸ ಇಟ್ಟುಕೊಳ್ಳಬೇಕು ಎಂಬಲ್ಲಿ ಪ್ರೋಗ್ರಾಮ್ ಒಪ್ಪುವ ಅತಿ ಹೆಚ್ಚಿನ ಅಂಕೆ, ಹತ್ತು. ಪ್ರೋಗ್ರಾಮಿನ ದಿನ ಇಪ್ಪತ್ತನಾಲ್ಕು ಗಂಟೆಯದು, ಯಂತ್ರಗಳು ನಡೆಯುವುದು ಎಂಟೇ ಗಂಟೆಯಾದ್ದರಿಂದ ಆ ಹತ್ತು ದಿನದ ಕೆಲಸ ಒಂದು ತಿಂಗಳು ಬರುತ್ತಿತ್ತು. ಒಂದನೇ ತಾರೀಖು ಬೆಳಿಗ್ಗೆ ಸೊಸೆ ಏಳುವ ಮುಂಚೆ ನೆಟ್ ತೆರೆಯುವುದು, ಮುಗಿದ ತುಂಡುಗಳನ್ನೆಲ್ಲ ಒಟ್ಟಿಗೆ ಕಳಿಸುವುದು, ಹೊಸ ದಾಸ್ತಾನು ತುಂಬುವುದು, ಮುಚ್ಚುವುದು. ಮುಗಿದ ಪ್ರತಿ ತುಂಡನ್ನೂ ನೀಲಿ ರಟ್ಟಿನ ನೋಟುಪುಸ್ತಕದಲ್ಲಿ ಬರೆದುಕೊಳ್ಳುವುದು.

ಪ್ರತಿ ತುಂಡಿನ ಮುಂದೆಯೂ ಒಂದು ಗಡುವಿನ ತಾರೀಖು ಇರುತ್ತಿತ್ತು, ಬಂದ ದಿನದಿಂದ ಏಳು ದಿನಕ್ಕೆ. ಇಲ್ಲಪ್ಪ ಅದನ್ನು ನೋಡಿ ನಕ್ಕಿದ್ದ. ಡಿಪೋದಲ್ಲಿ ರಬ್ಬರ್ ಪೈಪುಗಳ ಮೇಲೂ ಹೀಗೇ ತಾರೀಖು ಒತ್ತಿರುತ್ತಿದ್ದರು. ಅದು ಮುಗಿದು ಆರು ವರ್ಷವಾದ ಪೈಪು ಹಾಕಿಯೂ ಬಸ್ಸುಗಳು ಗುಡ್ಡ ಹತ್ತಿದ್ದವು. ತಾರೀಖು ಬರೆಯುವುದು ಮಾರುವವನ ಚಾಳಿ, ಸ್ಟೋರ್‌ಕೀಪರ್ ಅದಕ್ಕೆ ಹೆದರಬಾರದು.

ಹೀಗೆ ಹನ್ನೊಂದು ತಿಂಗಳು ನಡೆಯಿತು. ಮಾವ ಸೊಸೆ ಮಾತಾಡುವುದು ಬೈಯಬೇಕಾದಾಗ ಮಾತ್ರ ಎಂಬಂತಾಯಿತು. ಆಕೆಯ ಕೋಣೆಯ ಫ್ಯಾನು ಗುರ್ರೆಂದರೂ ಅವನದೇ ತಪ್ಪು, ಅವನ ಕನ್ನಡಕ ಕಾಣೆಯಾದರೂ ಆಕೆಯದೇ ಕುತಂತ್ರ.

ಆಗ ಬಂತು ವಾಚನಾಲಯದ ಸುದ್ದಿ. ಬಾಗಿಲು ಮುಚ್ಚಿದ ಒಂದು ಆಫೀಸಿನವರು ತಮ್ಮ ಎಂಟು ಕಂಪ್ಯೂಟರುಗಳನ್ನು ಬೀದಿಯ ವಾಚನಾಲಯಕ್ಕೆ ಕೊಟ್ಟಿದ್ದರು. ಅವಕ್ಕೆಂದು ಹಿಂದಿನ ಕೋಣೆ ತೆರವಾಯಿತು. ಆ ಕೋಣೆಯ ಕೀಲಿಕೈ ಯಾರ ಕೈಗೆ? ಇಲ್ಲಪ್ಪನಿಗೆ ಊಟ ರುಚಿಸಲಿಲ್ಲ. ಎಂಟು ಯಂತ್ರ, ಒಂದು ಕೋಣೆ, ಒಂದು ಬಾಗಿಲು, ಅದಕ್ಕೊಬ್ಬ ಇನ್‌ಚಾರ್ಜ್! ನಿವೃತ್ತಿಯಾದ ನಾಲ್ಕು ವರ್ಷದಲ್ಲಿ ಅವನ ಸೊಂಟದಲ್ಲಿ ಒಂದು ಕೀಲಿಕೈಯೂ ಇರಲಿಲ್ಲ. ಮನೆಯದು ಹೆಂಡತಿಯ ಹತ್ತಿರ, ಬೀರುವಿನದು ಸೊಸೆಯ ಹತ್ತಿರ.

ವಾಚನಾಲಯದ ಸಮಿತಿಯ ಅಧ್ಯಕ್ಷ ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ತಮ್ಮ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದವನು, ಇಡೀ ಬೀದಿಗೆ ಲೆಕ್ಚರರ್. ಮದುವೆಯಾದಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

"ಭಾವ, ಕೀಲಿಕೈ ಬೇಕಂತೆ ನಿಮಗೆ," ಎಂದ ಲೆಕ್ಚರರ್, ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ. "ಯಂತ್ರಗಳಿಗೆ ನಿಮ್ಮ ಕ್ಷಯದ ಲೆಕ್ಕ ಹಚ್ಚೋಣ ಅಂತ ನನಗೂ ಆಸೆ ಇದೆ. ವಾಚನಾಲಯಕ್ಕೆ ಹೆಸರು ಬರುತ್ತೆ. ಆದ್ರೆ ನೀವು ಏನು ಮಾಡಿದೀರಿ ಅನ್ನೋದು ಸಮಿತಿಗೆ ಕಾಣಬೇಕಲ್ಲ? ಭಾನುವಾರ ಏನಾದ್ರೂ ಬರಹದಲ್ಲಿ ತನ್ನಿ."

"ಬರಹ ಏನು, ಪ್ರಮಾಣಪತ್ರನೇ ತರ್ತೀನಿ. ನಿನ್ನ ಗೋಡೆ ಮೇಲಿರೋದಕ್ಕಿಂತ ದೊಡ್ಡದು."

ಶನಿವಾರ ಮಧ್ಯಾಹ್ನ ಅವನು ಮೆಟ್ಟಿಲು ಹತ್ತಿದ. ಮನೆಯಲ್ಲಿ ಪ್ರಿಂಟರ್ ಇದ್ದದ್ದು ಸೊಸೆಯ ಕೋಣೆಯಲ್ಲಿ ಮಾತ್ರ. ಬೇರೆ ದಾರಿಯಿಲ್ಲದೆ, ಪ್ರಮಾಣಪತ್ರ ಅಚ್ಚು ಹಾಕಿಕೊಡು ಎಂದು ಕೇಳಿದ. ಆಕೆ ಕುರ್ಚಿ ಸರಿಸಿ, ವಿಶ್ವವಿದ್ಯಾಲಯದ ತಾಣದಲ್ಲಿ ಅವನ ಖಾತೆ ತೆರೆದಳು. ಅವನು ಆ ಪುಟವನ್ನು ಮೊದಲ ದಿನ ಬಿಟ್ಟರೆ ಮತ್ತೆ ನೋಡಿರಲಿಲ್ಲ. ಸ್ಟೋರಿನ ಬಾಗಿಲು ದಾಟಿದ ಮಾಲು ಸ್ಟೋರ್‌ಕೀಪರನದಲ್ಲ. ತನ್ನ ಪರದೆಯ ಮೇಲೆ 'ಮುಗಿದಿದೆ' ಎಂದು ಬಂದರೆ ಅವನಿಗೆ ಮುಗಿದಂತೆ.

ಸೊಸೆ ಪುಟವನ್ನು ಮೇಲೆ ಕೆಳಗೆ ಎಳೆದಳು. ಮತ್ತೆ ಎಳೆದಳು.

"ಎಷ್ಟು ಮಾಡಿದೀನಿ ಅಂದ್ರಿ?"

"ನಾನೂರ ಹನ್ನೆರಡು. ಪುಸ್ತಕದಲ್ಲಿದೆ."

"ಇಲ್ಲಿ ಸೊನ್ನೆ ಇದೆ."

"ಸರಿಯಾಗಿ ನೋಡಮ್ಮ. ನಕ್ಷೆ ಬರೆಯೋ ಕಣ್ಣು ಅಂಕೆ ಓದಲ್ವಾ?"

"ಓದುತ್ತೆ. ದುಂಡಗಿದೆ, ಒಂದೇ ಇದೆ. ನೀವೇ ಬನ್ನಿ."

ಅವನು ಬಗ್ಗಿದ. ಒಟ್ಟು ಅಂಕ ಸೊನ್ನೆ. ಅದರ ಕೆಳಗೆ ತುಂಡುಗಳ ಪಟ್ಟಿ, ಒಂದೊಂದರ ಎದುರಿಗೂ ಕೆಂಪಕ್ಷರದಲ್ಲಿ ಒಂದೇ ಮಾತು: ಗಡುವು ಮೀರಿ ಬಂದಿದೆ, ಸ್ವೀಕರಿಸಿಲ್ಲ. ಸೊಸೆ ಅಲ್ಲಿದ್ದ ವಿವರಣೆಯನ್ನು ಓದಿ ಹೇಳಿದಳು, ಸ್ವಲ್ಪವೂ ಮೆತ್ತಗಾಗದೆ. ಏಳು ದಿನದೊಳಗೆ ಉತ್ತರ ಬಾರದಿದ್ದರೆ ಆ ತುಂಡು ಕಳೆದುಹೋಯಿತೆಂದು ತಿಳಿದು ಅವರು ಅದನ್ನು ಬೇರೆಯವರಿಗೆ ಕೊಡುತ್ತಾರೆ. ಇವನು ತಿಂಗಳ ಕೊನೆಗೆ ಕಟ್ಟು ಕಟ್ಟಿ ಕಳಿಸುವಷ್ಟರಲ್ಲಿ ಯಾರೋ ಮಾಡಿ ಮುಗಿಸಿರುತ್ತಿದ್ದರು.

"ಅಂದ್ರೆ," ಎಂದಳು ಆಕೆ, "ನಾನೂರ ಹನ್ನೆರಡು ಸಲ ನೀವು ಕೆಲಸ ತಗೊಂಡು ಮಡಿಲಲ್ಲಿ ಇಟ್ಕೊಂಡು ಕೂತಿದ್ರಿ. ಅವರು ಅಷ್ಟು ದಿನ ಕಾದ್ರು. ಮಾವ, ನೀವು ಸಹಾಯ ಮಾಡ್ಲಿಲ್ಲ. ತಡ ಮಾಡಿಸಿದ್ರಿ."

ಇಲ್ಲಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ, ಡಿಪೋದ ಒಬ್ಬ ಮೆಕ್ಯಾನಿಕ್‌ನ ಮುಖ. ಆ ಮನುಷ್ಯ ಮುಂದೆ ಬೇಕಾದೀತು ಎಂದು ಬ್ರೇಕ್ ಲೈನರುಗಳನ್ನು ತನ್ನ ಸ್ವಂತ ಪೆಟ್ಟಿಗೆಯಲ್ಲಿ ಕೂಡಿಟ್ಟುಕೊಂಡಿದ್ದ. ಹೊರಗೆ ಎರಡು ಬಸ್ಸು ಲೈನರ್ ಇಲ್ಲದೆ ನಾಲ್ಕು ದಿನ ನಿಂತಿದ್ದವು. ಅವನ ಮೇಲೆ ದೂರು ಬರೆದು ವರ್ಗ ಮಾಡಿಸಿದವನು ಇಲ್ಲಪ್ಪನೇ. "ಕೂಡಿಡೋನು ಕಳ್ಳನಿಗಿಂತ ಕಡೆ" ಎಂದು ಎಲ್ಲರೆದುರು ಉಗಿದಿದ್ದ.

"ನಿನ್ನಿಂದಲೇ ಆಗಿದ್ದು," ಎಂದ ಕೊನೆಗೆ. "ನಿನ್ನ ಮೀಟಿಂಗಿಗೋಸ್ಕರ ನೆಟ್ ಮುಚ್ಚಿದ್ದು."

"ಅತ್ತೆ ನನ್ನ ಯಂತ್ರದ್ದು ಮುಚ್ಚಿ ಅಂದ್ರು. ಹಗಲು ಹೊತ್ತು ಮುಚ್ಚಿದ್ರೆ ಸಾಕಿತ್ತು. ಮೂರಕ್ಕೂ ತಿಂಗಳುಗಟ್ಟಲೆ ಬೀಗ ಜಡೀರಿ ಅಂದ್ನಾ?" ಆಕೆ ಕುರ್ಚಿ ತಿರುಗಿಸಿದಳು. "ಕೇಳಿ. ನಾಳೆ ಲೆಕ್ಚರರ್ ಮಾವಂಗೆ ನಿಮ್ಮ ನೀಲಿ ಪುಸ್ತಕ ತೋರ್ಸಿ. ಅವರಿಗೆ ಈ ಪುಟ ತೆಗೆಯೋಕೂ ಬರಲ್ಲ. ನಾನು ಬಾಯಿ ಬಿಡಲ್ಲ. ಅದಕ್ಕೆ ಬದಲು ನನ್ನ ಯಂತ್ರದಿಂದ ಇದನ್ನ ಈಗಲೇ, ನನ್ನ ಕಣ್ಣೆದುರಿಗೇ ಕಿತ್ತಾಕಿ."

ಇಲ್ಲಪ್ಪ ಕಿತ್ತುಹಾಕಿದ. ಆಕೆ ಎದೆಯ ಮೇಲೆ ಕೈಕಟ್ಟಿ ನಿಂತು ನೋಡಿದಳು.

ಭಾನುವಾರ ಸಂಜೆ ವಾಚನಾಲಯದಲ್ಲಿ ಹದಿನಾಲ್ಕು ಜನ ಸೇರಿದ್ದರು. ಕೋಣೆಯಲ್ಲಿ ಮೇಜು ಎಲ್ಲಿ, ವೈರು ಎಲ್ಲಿ ಎಂದು ನಕ್ಷೆ ಬರೆದುಕೊಟ್ಟವಳು ಸೊಸೆಯಾದ್ದರಿಂದ ಆಕೆಯೂ ಬಂದು ಬಾಗಿಲ ಬಳಿ ಕೂತಿದ್ದಳು. ನೀಲಿ ಪುಸ್ತಕ ಕೈಯಿಂದ ಕೈಗೆ ಹೋಯಿತು. ಸಾಲು ಸಾಲಾದ ಮುದ್ದಾದ ಅಕ್ಷರ, ಗೆರೆ ಹೊಡೆದ ಪುಟಗಳು. ಹಣ್ಣಿನಂಗಡಿಯವನು "ಅಬ್ಬಬ್ಬಾ" ಎಂದ. ಕಾರ್ಯದರ್ಶಿ ಮೇಜಿನ ಖಾನೆಯಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟ. ಹಿತ್ತಾಳೆಯದು, ಉದ್ದದ್ದು. ಇಲ್ಲಪ್ಪನ ಕಣ್ಣು ಅದರ ಮೇಲೇ ಇತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಲೆಕ್ಚರರ್‌ಗೆ ಸೋತು ಸುಮ್ಮನಿರುವ ಅಭ್ಯಾಸವಿಲ್ಲ.

"ಆಗ್ಲಿ, ಭಾವಂಗೇ ಕೊಡೋಣ," ಎಂದ, ಎಲ್ಲರ ಕಡೆ ತಿರುಗಿ ನಗುತ್ತ. "ಇದರಲ್ಲಿ ತಿಳ್ಕೊಳ್ಳೋದೇನಿದೆ? ಪ್ರೋಗ್ರಾಮ್ ಹಚ್ಚೋದು, ಬಿಡೋದು. ತಾನಾಗೇ ನಡೆಯುತ್ತೆ. ಕಾವಲು ಕೂರೋ ಕೆಲಸ. ಓದಿದೋರೇ ಆಗಬೇಕು ಅಂತೇನಿಲ್ಲ."

ಸುತ್ತ ಸಣ್ಣ ನಗು ಹರಿದಾಡಿತು. ಇಲ್ಲಪ್ಪನ ಕೈ ಕೀಲಿಕೈಗೆ ಗೇಣು ದೂರದಲ್ಲಿತ್ತು. ಅಲ್ಲೇ ನಿಂತಿತು.

"ಏನಂದೆ? ಹಚ್ಚಿ ಬಿಡೋದಾ?"

"ಮತ್ತಿನ್ನೇನು ಭಾವ?"

"ಹಚ್ಚಿ ಬಿಡೋದಂತೆ! ನಾನೂ ಹಚ್ಚಿ ಬಿಟ್ಟೆ ಕಣಯ್ಯಾ, ಹನ್ನೊಂದು ತಿಂಗಳು. ಈ ಪುಸ್ತಕದಲ್ಲಿ ನಾನೂರ ಹನ್ನೆರಡು ಇದೆ. ಅವರು ತಗೊಂಡಿದ್ದೆಷ್ಟು ಗೊತ್ತಾ? ಒಂದೂ ಇಲ್ಲ. ಸೊನ್ನೆ!"

ಬಾಗಿಲ ಬಳಿ ಸೊಸೆ ಹಣೆಗೆ ಕೈ ಇಟ್ಟುಕೊಂಡಳು.

ಇಲ್ಲಪ್ಪನಿಗೆ ತಡೆಯಿರಲಿಲ್ಲ. ಎದ್ದು ನಿಂತು, ಭೌತಶಾಸ್ತ್ರದ ಲೆಕ್ಚರರ್‌ನ ಮೂಗಿನೆದುರು ಬೆರಳು ಆಡಿಸುತ್ತ ಪಾಠ ಮಾಡಿದ. ಗಡುವು ಎಂದರೇನು, ಮುಂಗಡ ಕೆಲಸ ಎಷ್ಟಿರಬೇಕು, ನೆಟ್ ಯಾವ ಹೊತ್ತು ತೆರೆದಿರಬೇಕು, ಯಂತ್ರ ದಿನಕ್ಕೆ ಎಷ್ಟು ಗಂಟೆ ನಡೆದರೆ ಎಷ್ಟು ತುಂಡು ತರಿಸಬೇಕು, ಬೇರೆಯವರು ಯಂತ್ರ ಬಳಸುವಾಗ ಇದು ಹೇಗೆ ಪಕ್ಕಕ್ಕೆ ಸರಿಯಬೇಕು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಅವನು ಅದನ್ನೇ ಓದಿದ್ದ. ಇಪ್ಪತ್ತೈದು ನಿಮಿಷ ಮಾತಾಡಿದ. "ಇದು ಕಾವಲು ಕೂರೋ ಕೆಲಸಾನಾ? ಹೇಳು ಈಗ!" ಎಂದು ಕೂತ.

ಲೆಕ್ಚರರ್ ಕನ್ನಡಕ ಒರೆಸಿಕೊಂಡ.

"ಬಹಳ ಕಷ್ಟದ ಕೆಲಸ, ಒಪ್ಕೊಂಡೆ. ಭಾವ, ನೀವೇ ಹೇಳಿ, ಇಷ್ಟು ಕಷ್ಟದ ಕೆಲಸನ ಹನ್ನೊಂದು ತಿಂಗಳು ಕೆಡಿಸಿದೋರಿಗೆ ಕೀಲಿಕೈ ಕೊಡ್ಲಾ?"

ಈ ಸಲದ ನಗು ಸಣ್ಣದಾಗಿರಲಿಲ್ಲ. ಹಣ್ಣಿನಂಗಡಿಯವನಂತೂ ಕೆಮ್ಮುವಷ್ಟು ನಕ್ಕ. ನಗು ಇಳಿದ ಮೇಲೆ ಕಾರ್ಯದರ್ಶಿ ಬಾಗಿಲ ಕಡೆ ನೋಡಿ, "ಅಮ್ಮಾ, ಕೋಣೆಯ ನಕ್ಷೆ ನಿಮ್ಮದೇ, ಕಂಪ್ಯೂಟರೂ ಬರುತ್ತೆ. ನೀವೇ ನೋಡ್ಕೊಳ್ಳಿ" ಎಂದ. ಸೊಸೆ ಒಂದು ಗಳಿಗೆ ಮಾವನ ಮುಖ ನೋಡಿದಳು. ಆಮೇಲೆ ಎದ್ದು ಬಂದು ಕೀಲಿಕೈ ತೆಗೆದುಕೊಂಡಳು.

ಮನೆಗೆ ಬರುವಾಗ ಇಲ್ಲಪ್ಪ ಹತ್ತು ಹೆಜ್ಜೆ ಮುಂದೆ ನಡೆದ. ಗೇಟಿನ ಬಳಿ ಆಕೆ ಹಿಂದಿನಿಂದಲೇ ಕೇಳಿದಳು, "ಸುಮ್ನೆ ಕೈ ಹಾಕಿ ಎತ್ಕೊಂಡಿದ್ರೆ ಆಗ್ತಿತ್ತಲ್ಲ ಮಾವ? ನಾನು ಬಾಯಿ ಮುಚ್ಕೊಂಡಿದ್ದೆ."

"ಓದಿದೋರೇ ಆಗಬೇಕಿಲ್ಲ ಅಂದ, ಕೇಳ್ಸಲಿಲ್ವಾ?"

"ಕೇಳ್ಸ್ತು. ಅದಕ್ಕೆ ಮನೆಗೇ ಬೆಂಕಿ ಇಟ್ಕೊಂಡ್ರಿ."

"ನಿನಗೆ ಚಳಿ ಬಿಡ್ತಲ್ಲ, ಕಾಯಿಸ್ಕೊ."

ಸೋಮವಾರ ಅವನು ಉಳಿದ ತನ್ನ ಎರಡು ಯಂತ್ರಗಳನ್ನು ಸರಿಯಾಗಿ ಹೊಂದಿಸಿದ. ಮುಂಗಡ ಅರ್ಧ ದಿನ, ನೆಟ್ ಸಂಜೆ ಪೂರ್ತಿ. ಸೊಸೆ ವಾಚನಾಲಯದ ಎಂಟನ್ನೂ ಅದೇ ಕೆಲಸಕ್ಕೆ ಹಚ್ಚಿದಳು. ಸಮಿತಿಯ ಪುಸ್ತಕದಲ್ಲಿ ಹಾಗೆಂದು ಬರೆದಿದ್ದರು ಎಂಬುದು ಒಂದು ಕಾರಣ, ಮಾವನಿಗೆ ಮಾಡಿ ತೋರಿಸಬೇಕು ಎಂಬುದು ದೊಡ್ಡ ಕಾರಣ. ತಾಣದಲ್ಲಿ ಯಾರ ಯಂತ್ರ ಏನು ಮಾಡುತ್ತಿದೆ ಎಂದು ಎಲ್ಲರಿಗೂ ಕಾಣುತ್ತದೆ. ಗುರುವಾರ ಬೆಳಿಗ್ಗೆ ಇಲ್ಲಪ್ಪನ ಹೆಸರಿನ ಮುಂದೆ ಮೂವತ್ತೊಂದು ಅಂಕ, ವಾಚನಾಲಯದ ಮುಂದೆ ಎಂಬತ್ತಾರು. ಅವನು ಹಲ್ಲು ಕಡಿದ.

ಆಮೇಲೆ ಆ ಎಂಟು ಯಂತ್ರಗಳ ಪಟ್ಟಿ ತೆರೆದು ನೋಡಿದ. ನೋಡುತ್ತ ನೋಡುತ್ತ ಅವನ ತುಟಿ ಅರಳಿತು. ಆಕೆ ಮೂರು ದಿನದ ಮುಂಗಡ ಇಟ್ಟಿದ್ದಳು. ಮೂರು ದಿನ ಎಂದರೆ ಯಂತ್ರಕ್ಕೆ ಎಪ್ಪತ್ತೆರಡು ಗಂಟೆ. ವಾಚನಾಲಯ ತೆರೆದಿರುವುದು ದಿನಕ್ಕೆ ಸಂಜೆ ಮೂರೇ ಗಂಟೆ ಕಾಲ. ಏಳು ದಿನಕ್ಕೆ ಇಪ್ಪತ್ತೊಂದು ಗಂಟೆ. ಸೋಮವಾರ ತಂದ ತುಂಡುಗಳಲ್ಲಿ ಮುಕ್ಕಾಲು ಪಾಲು ಮುಂದಿನ ಸೋಮವಾರ ಗಡುವು ಮೀರಿ ಕೆಂಪಾಗುತ್ತವೆ. ಲೆಕ್ಚರರ್‌ಗೆ ಯಾರಾದರೂ ಆ ಪುಟ ತೋರಿಸಿದರೆ ಕೀಲಿಕೈ ಮೇಜಿಗೆ ವಾಪಸು. ಇವನು ಮಾಡಬೇಕಾದ್ದು ಏನೂ ಇಲ್ಲ, ಸುಮ್ಮನಿದ್ದರೆ ಸಾಕು.

ಗುರುವಾರ ಪೂರ್ತಿ ಸುಮ್ಮನಿದ್ದ. ಅಂದು ಊಟ ರುಚಿಸಿತು, ಎರಡು ಸಲ ಬಡಿಸಿಕೊಂಡ. ಶುಕ್ರವಾರ ಬೆಳಿಗ್ಗೆ ಮತ್ತೆ ಪುಟ ತೆರೆದ. ನೂರ ಎಂಬತ್ತು ತುಂಡುಗಳು ಮುಟ್ಟುವವರಿಲ್ಲದೆ ಸಾಲಾಗಿ ನಿಂತಿದ್ದವು. ನೋಡಲಾಗಲಿಲ್ಲ, ಮುಚ್ಚಿದ. ಮತ್ತೆ ತೆರೆದ. ಮಧ್ಯಾಹ್ನದ ಹೊತ್ತಿಗೆ ತಾನೇ ತನ್ನ ಮೇಲೆ ಸಿಡಿಮಿಡಿಗೊಳ್ಳುತ್ತ ಮೆಟ್ಟಿಲು ಹತ್ತಿ ಸೊಸೆಯ ಬಾಗಿಲನ್ನು ಅಂಗೈಯಿಂದ ಗುದ್ದಿದ.

"ಇನ್‌ಚಾರ್ಜಮ್ಮ, ಗುಣಾಕಾರ ಬರುತ್ತಾ ನಿನಗೆ?"

"ಏನಂತೆ?"

"ಮೂರು ಗಂಟೆ ಏಳು ದಿನ ಎಷ್ಟು? ಎಪ್ಪತ್ತೆರಡು ಆಗುತ್ತಾ? ಹೊತ್ಕೊಂಡು ಬಂದಿದೀಯಲ್ಲ ರಾಶಿ, ಯಾರು ಮಾಡ್ತಾರೆ ಅದನ್ನ, ನಿಮ್ಮಪ್ಪನಾ? ಶುರುವಾಗದೇ ಇರೋದನ್ನೆಲ್ಲ ರದ್ದು ಮಾಡಿ ವಾಪಸ್ ಕಳ್ಸು. ಬೇರೆಯವರಿಗಾದ್ರೂ ಸಿಗ್ಲಿ."

ಸೊಸೆ ಪುಟ ತೆರೆದಳು. ಬೆರಳು ಮಡಿಸಿ ಲೆಕ್ಕ ಹಾಕಿದಳು. ಮುಖ ಕೆಂಪಾಯಿತು. ಆಮೇಲೆ ನಿಧಾನವಾಗಿ ತಲೆಯೆತ್ತಿದಳು.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ಬೆಳಿಗ್ಗೆ."

"ನಿನ್ನೆ ಹೇಳಿದ್ರೆ ಇಷ್ಟೂ ನಿನ್ನೆ ಸಂಜೆನೇ ಬೇರೆಯವರ ಹತ್ರ ಇರ್ತಿತ್ತು. ಇವತ್ತೊಂದು ದಿನ ಮತ್ತೆ ನೀವೇ ಮಡಿಲಲ್ಲಿ ಇಟ್ಕೊಂಡು ಕೂತಿದ್ರಿ."

"ನಿನ್ನೆ ನನಗೆ ಮನಸ್ಸಿರಲಿಲ್ಲ," ಎಂದು ಅವನು ಇಳಿದುಹೋದ. ಸ್ವಲ್ಪ ಹೊತ್ತಿಗೆ ಗೇಟಿನ ಸದ್ದಾಯಿತು, ಸೊಸೆ ವಾಚನಾಲಯಕ್ಕೆ ಹೊರಟಿದ್ದಳು.

ತನ್ನ ಯಂತ್ರದೆದುರು ಕೂತು ಅವನು ಪಟ್ಟಿ ನೋಡುತ್ತಲೇ ಇದ್ದ. ಒಂದನೆಯ ಯಂತ್ರದ ಸಾಲು ಖಾಲಿಯಾಯಿತು, ಎರಡನೆಯದು ಖಾಲಿಯಾಯಿತು, ಹೀಗೆ ಏಳು. ಎಂಟನೆಯದರಲ್ಲಿ ಇಪ್ಪತ್ತಮೂರು ತುಂಡು ಹಾಗೇ ಉಳಿದಿದ್ದವು. ಕಾಲು ಗಂಟೆ ಕಾದ. ಫೋನ್ ತೆಗೆದ.

"ಎಂಟನೇದನ್ನ ಯಾಕೆ ಬಿಟ್ಟೆ? ಕಣ್ಣು ಎಲ್ಲಿಟ್ಟಿದೀಯ?"

"ಅದು ಆನ್ ಆಗ್ತಿಲ್ಲ."

"ಹಿಂದಿನ ವೈರು ಅಲುಗಾಡ್ಸು."

"ಅಲುಗಾಡ್ಸಿದೆ. ಆಗಲ್ಲ."

"ನಿನಗೆ ಅಲುಗಾಡ್ಸೋಕೆ ಬರಲ್ಲ."

"ಹಾಗಾದ್ರೆ ನೀವೇ ಬಂದು ಅಲುಗಾಡ್ಸಿ. ಬಾಗಿಲು ತೆಗೆದೇ ಇದೆ," ಎಂದು ಆಕೆ ಫೋನ್ ಕುಕ್ಕಿದಳು.

ಇಲ್ಲಪ್ಪ ನಡುಮನೆಯಲ್ಲಿ ಎರಡು ಸುತ್ತು ಹಾಕಿದ. ಸ್ಕ್ರೂ ಡ್ರೈವರ್ ಜೇಬಿಗಿಳಿಸಿ ಚಪ್ಪಲಿ ಮೆಟ್ಟಿದ.

"ಇಷ್ಟು ಬಿಸಿಲಲ್ಲಿ ಎಲ್ಲಿಗೆ?" ಎಂದಳು ಹೆಂಡತಿ.

"ಎಂಥ ಸೊಸೆ ತಂದಿದೀಯ ನೀನು! ಒಂದು ವೈರು ಅಲುಗಾಡ್ಸೋ ಯೋಗ್ಯತೆ ಇಲ್ಲ," ಎಂದು ಅವನು ಎದುರುಮನೆಯವರಿಗೂ ಕೇಳುವ ಹಾಗೆ ಕೂಗಿ ಹೇಳಿ, ಬಿಸಿಲಿಗಿಳಿದು ಬಿರಬಿರನೆ ನಡೆದ.